ಕವಲೊಡೆದ ಕೂದಲಿನ ಉತ್ತರಕ್ರಿಯೆ

ಕೂದಲು ಕತ್ತರಿಸಿಕೊಳ್ಳಲು ಹೋದವರಿಗೆ ಕಾಯಿಲೆ ಅಂಟಿಸಿ ಕಳಿಸುವ ಊರು ಲಾಸ್ ಏಂಜಲೀಸ್. ನನಗೆ ಐವತ್ತು ತುಂಬಿತೆಂದು ಮಗಳು ವೆಸ್ಟ್ ಹಾಲಿವುಡ್ಡಿನ ಒಂದು ಸಲೂನಿನಲ್ಲಿ ನನ್ನ ಹೆಸರು ಬರೆಸಿದ್ದಳು. ನಾವಿರುವ ಸ್ಯಾನ್ ಡಿಯಾಗೋದಿಂದ ಅಲ್ಲಿಗೆ 120 ಮೈಲಿ. ಎರಡು ಗಂಟೆಯ ದಾರಿ ಎಂದು ಫೋನು ಹೇಳಿತು, ಮೂರೂವರೆ ಗಂಟೆ ಹಿಡಿಯಿತು. ನಸುಕಿಗೇ ಹೊರಟಿದ್ದೆ; ನನ್ನ ಮದುವೆಯ ಮುಹೂರ್ತಕ್ಕೂ ನಾನು ಅಷ್ಟು ಬೇಗ ಎದ್ದವಳಲ್ಲ.

ಕುರ್ಚಿಯಲ್ಲಿ ಕೂರಿಸಿ ಒಬ್ಬ ಹುಡುಗ ನನ್ನ ಜಡೆ ಬಿಚ್ಚಿದ. ಒಂದೇ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದವನು ಹಾಗೇ ಸುಮ್ಮನಾದ. ಎಕ್ಸ್‌ರೇ ಹಿಡಿದ ಡಾಕ್ಟರು ಸುಮ್ಮನಾದರೆ ಮನೆಯವರ ಎದೆ ಹೊಡೆದುಕೊಳ್ಳುತ್ತದಲ್ಲ, ನನಗೂ ಹಾಗೇ ಆಯಿತು. "ಎಷ್ಟು ದಿನದಿಂದ ಹೀಗಿದೆ?" ಎಂದ. "ಹೇಗಿದೆ?" ಎಂದೆ. ತುದಿ ತೋರಿಸಿದ. ಹಾವಿನ ನಾಲಗೆಯ ಹಾಗೆ ಎರಡಾಗಿತ್ತು. ಇನ್ನೊಂದು ಎಳೆ ತೋರಿಸಿದ. ಅದು ಸವೆದ ಹಿಡಿಸೂಡಿಯ ಹಾಗೆ ನಾಲ್ಕಾಗಿತ್ತು.

ಚಿಕಿತ್ಸೆಯ ಪಟ್ಟಿ ಹೊರಬಂತು. ಮೊದಲು ಡೀಟಾಕ್ಸ್, ಆಮೇಲೆ ಬಾಂಡ್ ರಿಪೇರಿ, ಅದರ ಮೇಲೆ ಪ್ರೋಟೀನ್ ಮಾಸ್ಕು, ಕೊನೆಗೆ ತುದಿ ಮುಚ್ಚುವ ಸೀರಂ. ಒಟ್ಟು 385 ಡಾಲರ್, ಟಿಪ್ಸು ಬೇರೆ. "ಕತ್ತರಿ?" ಎಂದೆ. ಏಕಾದಶಿಯ ದಿನ ಕೋಳಿಸಾರು ಕೇಳಿದವಳನ್ನು ನೋಡುವ ಹಾಗೆ ನೋಡಿದ. "ಅದು ಕಟ್ಟಕಡೆಯ ದಾರಿ" ಎಂದ.

ಈಗ ಒಂದು ಸತ್ಯ ಹೇಳಿಬಿಡುತ್ತೇನೆ. ಇದನ್ನು ಎಲ್ಲರೂ ನಂಬಿದರೆ ಈ ಊರಿನ ಎಷ್ಟೋ ಅಂಗಡಿಗಳು ನಾಳೆಯೇ ಬಾಗಿಲು ಹಾಕಬೇಕಾಗುತ್ತದೆ. ಕೂದಲು ಸತ್ತಿದೆ. ನನ್ನದು ಮಾತ್ರವಲ್ಲ, ಸಿನಿಮಾ ನಟಿಯರದ್ದೂ ಸತ್ತಿದೆ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಬಂದ ಎಳೆಯಲ್ಲಿ ರಕ್ತವಿಲ್ಲ, ನರವಿಲ್ಲ. ಇರುವುದು ಕೆರಾಟಿನ್ ಎಂಬ ಪ್ರೋಟೀನು. ಎತ್ತಿನ ಕೊಂಬಿನ ಹೊರಕವಚವೂ ಅದೇ, ನಮ್ಮ ಉಗುರೂ ಅದೇ. ಕೊಂಬು ಸೀಳಿತೆಂದು ಎತ್ತಿಗೆ ಪ್ರೋಟೀನ್ ಮಾಸ್ಕು ಹಾಕಿಸಿದ ರೈತನನ್ನು ನಾನು ಈವರೆಗೆ ನೋಡಿಲ್ಲ.

ಎಳೆಯ ಕಟ್ಟಡವನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮೇಲೆ ಮಂಗಳೂರು ಹೆಂಚಿನ ಮಾಡು, ಒಳಗೆ ನಾರಿನ ಹಗ್ಗ. ಕ್ಯೂಟಿಕಲ್ ಎಂಬ ತೆಳು ಚಕ್ಕೆಗಳು ಒಂದರ ಮೇಲೊಂದು ಹೆಂಚಿನ ಹಾಗೆ ಬುಡದಿಂದ ತುದಿಯವರೆಗೆ ಹೊದ್ದುಕೊಂಡಿರುತ್ತವೆ. ಒಳಗಿನ ಕಾರ್ಟೆಕ್ಸು ಉದ್ದುದ್ದ ನಾರುಗಳ ಕಟ್ಟು. ಹೆಂಚು ಇರುವತನಕ ಒಳಗೆ ಎಲ್ಲವೂ ಭದ್ರ. ಹೆಂಚು ಜಾರಿತೆಂದರೆ ಹಗ್ಗದ ಕೊನೆ ಬಿಚ್ಚಿಕೊಳ್ಳುತ್ತದೆ. ಕೂದಲು ಕವಲೊಡೆಯುವುದು ಎಂದರೆ ಇಷ್ಟೇ. ವೈದ್ಯರು ಇದಕ್ಕೆ ಟ್ರೈಕೋಪ್ಟೈಲೋಸಿಸ್ ಎನ್ನುತ್ತಾರೆ. ಕೇಳಿದರೆ ಆಸ್ಪತ್ರೆಗೆ ಬಟ್ಟೆಬರೆ ಕಟ್ಟಿಕೊಳ್ಳಬೇಕೆನಿಸುತ್ತದೆ. ಆ ಗ್ರೀಕ್ ಹೆಸರಿನಲ್ಲಿ ಇರುವುದು ಕೂದಲು ಮತ್ತು ಹಕ್ಕಿಯ ಪುಕ್ಕ, ಎರಡೇ.

ತುದಿಯ ವಯಸ್ಸನ್ನೂ ಲೆಕ್ಕ ಹಾಕಿ. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸೊಂಟ ಮುಟ್ಟುವ 75 ಸೆಂಟಿಮೀಟರಿನ ಜಡೆಯ ತುದಿಗೆ ಐದು ವರ್ಷ ದಾಟಿರುತ್ತದೆ. ಅದು ಎಷ್ಟು ಸಾವಿರ ಸಲ ಬಾಚಣಿಗೆಗೆ ಸಿಕ್ಕಿದೆ, ಎಷ್ಟು ನೂರು ಸಲ ಶಾಂಪೂ ಕಂಡಿದೆ, ಎಷ್ಟು ಸಲ ಕಾರಿನ ಬೆಲ್ಟಿನಡಿ ಸಿಕ್ಕಿ ಎಳೆಸಿಕೊಂಡಿದೆ! ಐದು ವರ್ಷದ ಟವೆಲನ್ನು ನಾವು ಒರೆಸುವ ಬಟ್ಟೆ ಮಾಡುತ್ತೇವೆ. ಐದು ವರ್ಷದ ಕೂದಲಿಗೆ ಮಾತ್ರ ಚಿರಯೌವನ ಬೇಡುತ್ತೇವೆ.

ಸತ್ತವರಿಗೆ ಔಷಧಿಯಿಲ್ಲ, ಸಂಸ್ಕಾರ ಮಾತ್ರ ಎಂದು ನಮ್ಮೂರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸೀಳಿದ ತುದಿಯನ್ನು ಮತ್ತೆ ಒಂದು ಮಾಡುವ ಮದ್ದು ಜಗತ್ತಿನಲ್ಲಿಲ್ಲ. ಸಿಲಿಕೋನ್ ಸೀರಂ ಎರಡು ಕವಲನ್ನೂ ಗೋಂದಿನ ಹಾಗೆ ಅಂಟಿಸಿ ಹಿಡಿದಿರುತ್ತದೆ. ಮುಂದಿನ ಸ್ನಾನಕ್ಕೆ ಬಣ್ಣ ಬಯಲು. ಮಾಡಬಹುದಾದ ಸಂಸ್ಕಾರ ಒಂದೇ, ಕತ್ತರಿ. ಆದರೆ ಸತ್ತವರನ್ನು ಬದುಕಿರುವಂತೆ ತೋರಿಸಿ ದುಡ್ಡು ಮಾಡುವುದನ್ನು ನೂರು ವರ್ಷದಿಂದ ಕಸುಬಾಗಿಸಿಕೊಂಡ ಹಾಲಿವುಡ್ಡಿನ ನೆರೆಯಲ್ಲಿ ಹೆಣವನ್ನು ಹೆಣ ಎನ್ನುವವರು ಯಾರು?

ಆ ಕಸುಬಿನ ಮೂಲಪುರುಷ ಪೋಲೆಂಡಿನಿಂದ ಬಂದ ಮ್ಯಾಕ್ಸ್ ಫ್ಯಾಕ್ಟರ್. ಅವನು ಮೊದಲಿಗೆ ವಿಗ್ ಕಟ್ಟುವವನು. ಮೂಕಿಚಿತ್ರಗಳ ಕಾಲದಲ್ಲಿ ನಿಜಕೂದಲಿನ ವಿಗ್ಗುಗಳನ್ನು ಬಾಡಿಗೆಗೆ ಕೊಡುತ್ತಿದ್ದ. 1935ರಲ್ಲಿ ಹಾಲಿವುಡ್ಡಿನ ಹೈಲ್ಯಾಂಡ್ ಅವೆನ್ಯೂದಲ್ಲಿ ದೊಡ್ಡ ಮಳಿಗೆ ತೆರೆದ. ಅಲ್ಲಿ ಕೂದಲಿನ ಬಣ್ಣಕ್ಕೆ ಒಂದರಂತೆ ನಾಲ್ಕು ಕೋಣೆ: ಹೊಂಬಣ್ಣದವರಿಗೆ ನೀಲಿ ಕೋಣೆ, ಕೆಂಚುಗೂದಲಿನವರಿಗೆ ಹಸಿರು, ಹೀಗೆ. ನಮ್ಮಲ್ಲಿ ಪಂಕ್ತಿಭೇದ ಊಟಕ್ಕೆ ಮಾತ್ರ ಇತ್ತು. ಇವರು ತಲೆಗೂ ತಂದರು. ಹೊಂಗೂದಲಿನ ಕೋಣೆಯನ್ನು ಉದ್ಘಾಟಿಸಿದ್ದು 'ಪ್ಲಾಟಿನಂ ಬ್ಲಾಂಡ್' ಎಂದೇ ಹೆಸರಾದ ಜೀನ್ ಹಾರ್ಲೋ. ಆ ಬೆಳ್ಳಿಬಣ್ಣ ಬರಿಸಲು ವಾರ ವಾರ ಪೆರಾಕ್ಸೈಡ್, ಅಮೋನಿಯಾ, ಬಟ್ಟೆ ಬಿಳುಪು ಮಾಡುವ ಬ್ಲೀಚು, ಸಾಬೂನಿನ ಚಕ್ಕೆ ಎಲ್ಲ ಕಲಸಿ ಹಚ್ಚುತ್ತಿದ್ದೆವು ಎಂದು ಆಕೆಯ ಕೇಶವಿನ್ಯಾಸಕ ಮುಂದೆ ಹೇಳಿಕೊಂಡ. ಪಾಯಿಖಾನೆ ತೊಳೆಯಲೂ ನಮ್ಮ ಮನೆಯಲ್ಲಿ ಇಷ್ಟು ಸಾಮಾನು ಬಳಸುವುದಿಲ್ಲ. ಕೊನೆಗೆ ಕೂದಲು ಕಿತ್ತು ಬಂದು ಹಾರ್ಲೋ ವಿಗ್ ಹಾಕಿಕೊಂಡು ನಟಿಸಬೇಕಾಯಿತು. 1937ರಲ್ಲಿ, 26ರ ಹರೆಯದಲ್ಲಿ, ಮೂತ್ರಪಿಂಡ ಕೆಟ್ಟು ತೀರಿಕೊಂಡಳು. ಆ ಬಣ್ಣ ಮಾತ್ರ ಸಾಯಲಿಲ್ಲ. ಇವತ್ತಿಗೂ ಸನ್‌ಸೆಟ್ ಬುಲೆವಾರ್ಡಿನಲ್ಲಿ ನೂರು ಹೆಜ್ಜೆಗೆ ಒಬ್ಬಳು ಹಾರ್ಲೋ ಸಿಗುತ್ತಾಳೆ.

ಇನ್ನು ಊರಿನ ಗಾಳಿ, ನೀರು. ಲಾಸ್ ಏಂಜಲೀಸಿಗೆ ನೀರು ಬಂದ ಕತೆ ಮಂಡ್ಯದವರಿಗೆ ಹೇಳಿದರೆ ಅರ್ಧಕ್ಕೇ ಅರ್ಥವಾಗುತ್ತದೆ. 1913ರ ನವೆಂಬರ್ 5ರಂದು ವಿಲಿಯಂ ಮುಲ್‌ಹಾಲಂಡ್ ಎಂಬ ಎಂಜಿನಿಯರು 233 ಮೈಲಿ ದೂರದ ಓವೆನ್ಸ್ ಕಣಿವೆಯ ನೀರನ್ನು ಊರಿಗೆ ತಂದು, "ಇಗೋ ಬಂತು, ತಗೊಳ್ಳಿ" ಎಂದಷ್ಟೇ ಭಾಷಣ ಮಾಡಿದ. ಆ ಕಣಿವೆಯ ಕೆರೆ ಬತ್ತಿ ಧೂಳಾಯಿತು. ಇಲ್ಲಿ ಸ್ವಿಮ್ಮಿಂಗ್ ಪೂಲು ತುಂಬಿತು. ಆ ಪೂಲಿಗೆ ಕ್ಲೋರಿನ್ ಸುರಿದು, ಅದರಲ್ಲಿ ಮುಳುಗೆದ್ದು, ಬಿಸಿಲಿಗೆ ಕೂದಲು ಒಣಗಿಸಿಕೊಂಡು, ಒರಟಾಯಿತೆಂದು ಸಲೂನಿಗೆ ಹೋಗುವುದು ಇಲ್ಲಿನ ಸಾಮಾನ್ಯ ವಾರಾಂತ್ಯ. ಸ್ಯಾನ್ ಡಿಯಾಗೋದ ನೀರಿನ ಬಹುಪಾಲು ಕೊಲರಾಡೋ ನದಿಯದು, 242 ಮೈಲಿ ಉದ್ದದ ಕಾಲುವೆ ಹಿಡಿದು ಮರುಭೂಮಿ ದಾಟಿ ಬರುತ್ತದೆ. ನದಿ ತನ್ನ ಹರಿವಿನುದ್ದಕ್ಕೂ ಕಲ್ಲು ನೆಕ್ಕುತ್ತ ಬರುವುದರಿಂದ ಲೀಟರಿಗೆ 180 ಮಿಲಿಗ್ರಾಂ ದಾಟಿದ ಅತಿ ಗಡಸು ನೀರು. ನಮ್ಮ ಕೆಟಲಿನ ತಳದಲ್ಲಿ ತಿಂಗಳಿಗೊಮ್ಮೆ ಸುಣ್ಣದ ಪದರ ಕೂರುತ್ತದೆ. ತಲೆಯ ಮೇಲೂ ಅದೇ ಕ್ಯಾಲ್ಸಿಯಂ, ಅದೇ ಮೆಗ್ನೀಸಿಯಂ ಕೂತು, ಶಾಂಪೂ ನೊರೆ ಬಾರದೆ, ಎಳೆಗಳು ಒರಟಾಗಿ ಒಂದಕ್ಕೊಂದು ತೊಡರಿ ಸಿಕ್ಕಾಗುತ್ತವೆ. ಆ ಸಿಕ್ಕನ್ನು ಸಿಟ್ಟಿನಿಂದ ಎಳೆದಾಗ ಹೆಂಚು ಹಾರುತ್ತದೆ. ಹಾಗಾಗಿ ತಪ್ಪು ನೀರಿನದಷ್ಟೇ ಅಲ್ಲ, ಸಿಟ್ಟಿನದೂ ಹೌದು.

ಗಾಳಿಯೂ ಹಾಗೇ. ಶರತ್ಕಾಲದಿಂದ ಚಳಿಗಾಲದವರೆಗೆ ಒಳನಾಡಿನ ಮರುಭೂಮಿಯಿಂದ ಸಮುದ್ರದ ಕಡೆಗೆ ಸಾಂಟಾ ಅನಾ ಎಂಬ ಒಣಗಾಳಿ ನುಗ್ಗುತ್ತದೆ. ಕಾಳ್ಗಿಚ್ಚು ಹಬ್ಬಿಸುವ ಗಾಳಿ ಇದೇ. ಇದು ಜೋರಾಗುವುದೂ ನಮ್ಮ ರಾಜ್ಯೋತ್ಸವ ನಡೆಯುವುದೂ ಹೆಚ್ಚುಕಡಿಮೆ ಒಂದೇ ಕಾಲ. ಸಭಾಂಗಣದ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ಕೂದಲು ಇಳಿಬಿಟ್ಟುಕೊಂಡು ಬಂದ ಹೆಂಗಸರ ತಲೆ ಕರೆಂಟು ಹೊಡೆದ ಹಾಗೆ ಎದ್ದು ನಿಂತಿರುತ್ತದೆ. ನಾಡಗೀತೆಗೆ ನಾವು ಏಳುವ ಮುಂಚೆಯೇ ನಮ್ಮ ಕೂದಲು ಎದ್ದಿರುತ್ತದೆ. ಜಡೆ ಹೆಣೆದು ಬಂದ ಒಂದಿಬ್ಬರು ಅಜ್ಜಿಯರದ್ದು ಮಾತ್ರ ಅಲ್ಲಾಡುವುದಿಲ್ಲ.

ನೀರು, ಗಾಳಿಗಳ ತಪ್ಪನ್ನೆಲ್ಲ ಸೇರಿಸಿದರೂ ನಾವೇ ಕೈಯಾರೆ ಮಾಡುವುದಕ್ಕೆ ಸರಿಸಾಟಿಯಾಗದು. ನನ್ನ ಮಗಳು ಕೂದಲು ನೇರ ಮಾಡಿಕೊಳ್ಳುವುದನ್ನು ಒಮ್ಮೆ ಹತ್ತಿರದಿಂದ ನೋಡಿದೆ. ಇಕ್ಕಳದಂತಹ ಇಸ್ತ್ರಿ, ಅದರ ಪುಟ್ಟ ಪರದೆಯಲ್ಲಿ 450 ಎಂದು ಅಂಕಿ. ಫ್ಯಾರನ್‌ಹೀಟು, ಅಂದರೆ ನಮ್ಮ ಲೆಕ್ಕದಲ್ಲಿ 230 ಡಿಗ್ರಿ ಚಿಲ್ಲರೆ. ತಲೆ ಪೂರ್ತಿ ಒಣಗಿರಲಿಲ್ಲ. ಒಂದು ಎಳೆಗೊಂಚಲನ್ನು ಕಚ್ಚಿಸಿ ಎಳೆದಳು. ಚುಂಯ್ ಎಂದಿತು. ಸಣ್ಣ ಹೊಗೆ ಎದ್ದಿತು. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಬರುವ ಅದೇ ಸದ್ದು. ಊರಿನಿಂದ ಬಂದಿದ್ದ ನನ್ನ ಅಮ್ಮ ಅಡುಗೆಮನೆಯಿಂದ ಕೂಗಿದಳು: "ಯಾರೇ ಅದು, ದೋಸೆ ಹುಯ್ತಾ ಇರೋದು?"

ಅಮ್ಮ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒದ್ದೆ ಎಳೆಯ ಒಳಗಿನ ನೀರು ಆ ಕಾವಿಗೆ ಕುದಿದು ಆವಿಯಾಗಿ, ಕೂದಲೊಳಗೇ ಗುಳ್ಳೆ ಎಬ್ಬಿಸುತ್ತದೆ. ತಜ್ಞರು ಇದನ್ನು ಬಬಲ್ ಹೇರ್ ಎನ್ನುತ್ತಾರೆ. ದೋಸೆಯಲ್ಲಿ ತೂತು ಬಿದ್ದರೆ ಹದ ಸರಿಯಾಗಿದೆ ಎಂದರ್ಥ. ಕೂದಲಲ್ಲಿ ಬಿದ್ದರೆ ಅಲ್ಲಿಂದಲೇ ಮುರಿಯುತ್ತದೆ ಎಂದರ್ಥ. ವಿಧಿಯ ಆಟ ನೋಡಿ: ಸುರುಳಿಗೂದಲಿನವಳು ನೇರ ಮಾಡಿಸುತ್ತಾಳೆ, ನೇರಗೂದಲಿನವಳು ಸುರುಳಿ ಮಾಡಿಸುತ್ತಾಳೆ, ಇಬ್ಬರಿಗೂ ಕವಲು ಒಡೆಯುತ್ತದೆ, ಇಬ್ಬರೂ ಒಂದೇ ಸೀರಂ ಕೊಳ್ಳುತ್ತಾರೆ. ಎರಡು ಜಡೆ ಕೂಡುವುದಿಲ್ಲ ಎಂದು ಗಾದೆ ಕಟ್ಟಿದ ಗಂಡಸು ಕ್ಯಾಲಿಫೋರ್ನಿಯಾದ ಸಲೂನಿಗೆ ಬಂದು ನೋಡಬೇಕಿತ್ತು.

ಕಾಯಿಲೆ ಇಷ್ಟಾದ ಮೇಲೆ ಮದ್ದಿಗೆ ಬರವೇ? ಮೊದಲನೆಯದು ತಿನ್ನುವ ಮದ್ದು. ಕರಡಿಮರಿಯ ಆಕಾರದ ಬಯೋಟಿನ್ ಜೆಲ್ಲಿ. ತಿಂದದ್ದು ಹೆಚ್ಚೆಂದರೆ ಬುಡಕ್ಕೆ ತಲುಪೀತು. ಸತ್ತ ತುದಿಗೆ ತಲುಪಲು ಅದೇನು ಶ್ರಾದ್ಧದ ಪಿಂಡವೇ? ಕೊರತೆ ಇಲ್ಲದವರಿಗೆ ಬಯೋಟಿನ್‌ನಿಂದ ಕೂದಲು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಬದಲಿಗೆ ಅತಿಯಾಗಿ ತಿಂದರೆ ಹೃದಯಾಘಾತ ಪತ್ತೆಮಾಡುವ ರಕ್ತಪರೀಕ್ಷೆಯೂ ತಪ್ಪು ಫಲಿತಾಂಶ ಕೊಟ್ಟೀತು ಎಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಎದೆ ನಿಲ್ಲುವ ಹೊತ್ತಿಗೆ ಜಡೆ ನೆಟ್ಟಗಿದ್ದು ಏನು ಮಾಡುವುದು?

ಎರಡನೆಯದು ಸುಡುವ ಮದ್ದು. ಬ್ರೆಜಿಲ್‌ನಿಂದ ಬಂದದ್ದು. ಕೂದಲನ್ನು ಹುರಿಯಾಗಿ ತಿರುಚಿ, ಹೊರಚಾಚಿದ ತುದಿಗಳನ್ನು ಮೇಣದಬತ್ತಿಯಿಂದ ಸುಡುವುದು. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ತಲೆ-ಕಾಲು ಸುಡುವ ವಾಸನೆ ಕುಡಿದವರು ಯಾರೂ ಇದಕ್ಕೆ ದುಡ್ಡು ಕೊಡಲಾರರು.

ಮೂರನೆಯದರ ಹೆಸರಿನಲ್ಲೂ ಬ್ರೆಜಿಲ್ ಇದೆ, ಆದರೆ ಊರು ಲಾಸ್ ಏಂಜಲೀಸಿನ ನಾರ್ತ್ ಹಾಲಿವುಡ್. ಬ್ರೆಜಿಲಿಯನ್ ಬ್ಲೋಔಟ್ ಎಂಬ ಕೂದಲು ನಯವಾಗಿಸುವ ದ್ರಾವಣ 'ಫಾರ್ಮಾಲ್ಡಿಹೈಡ್ ಇಲ್ಲ' ಎಂಬ ಮಾತಿನ ಮೇಲೆ ಮಾರಾಟವಾಗುತ್ತಿತ್ತು. ಪರೀಕ್ಷಿಸಿದರೆ ಇತ್ತು. 2010ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದಾವೆ ಹೂಡಿತು. 2012ರ ಜನವರಿಯಲ್ಲಿ, ಕಮಲಾ ಹ್ಯಾರಿಸ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದಾಗ, ಕಂಪನಿ 6 ಲಕ್ಷ ಡಾಲರ್ ಕಟ್ಟಲು, ಸುಳ್ಳು ಜಾಹೀರಾತು ನಿಲ್ಲಿಸಲು, ಎಚ್ಚರಿಕೆ ಮುದ್ರಿಸಲು ಒಪ್ಪಿ ರಾಜಿಯಾಯಿತು. ಫಾರ್ಮಾಲ್ಡಿಹೈಡನ್ನು ನೀರಲ್ಲಿ ಕರಗಿಸಿದರೆ ಫಾರ್ಮಾಲಿನ್. ಮೆಡಿಕಲ್ ಕಾಲೇಜುಗಳಲ್ಲಿ ಹೆಣ ಕೆಡದಂತೆ ಇಡುವುದು ಅದರಲ್ಲೇ. ಕೂದಲು ಸತ್ತಿದೆ ಎಂದು ಒಪ್ಪಿಕೊಂಡು ತಕ್ಕ ಮರ್ಯಾದೆ ಮಾಡಿದ ಚಿಕಿತ್ಸೆ ಇದೊಂದೇ ಎಂದು ಮೆಚ್ಚಬಹುದಿತ್ತು. ತೊಂದರೆ ಏನೆಂದರೆ ಅದರ ಹಬೆ ಕುಡಿಯುವವರು ಬದುಕಿರುತ್ತಾರೆ. 24 ವಿಷಗಳನ್ನು ಸೌಂದರ್ಯ ಸಾಧನಗಳಿಂದ ಹೊರಗಿಡುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 2020ರಲ್ಲಿ ಮಾಡಿ, 2025ರ ಜನವರಿ 1ರಿಂದ ಜಾರಿಗೆ ತಂದಿತು. ಫಾರ್ಮಾಲ್ಡಿಹೈಡ್ ಆ ಪಟ್ಟಿಯಲ್ಲಿದೆ.

ಈಗ ಅಮ್ಮನ ಸೂಟ್‌ಕೇಸಿಗೆ ಬರೋಣ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದವಳು ಎರಡು ಲೀಟರ್ ಕೊಬ್ಬರಿ ಎಣ್ಣೆ, ಮತ್ತಿಸೊಪ್ಪಿನ ಪುಡಿ, ಮರದ ಬಾಚಣಿಗೆ ಮತ್ತು ಬಟ್ಟೆ ಹೊಲಿಯುವ ಹಳೇ ಕತ್ತರಿ ತಂದಿದ್ದಳು. ಸ್ಯಾನ್ ಡಿಯಾಗೋದ ಚಳಿಗೆ ಎಣ್ಣೆ ಗಟ್ಟಿಯಾಗಿ ಬೆಣ್ಣೆಯಾಯಿತು. 24 ಡಿಗ್ರಿಗಿಂತ ಕೆಳಗೆ ಅದರ ಸ್ವಭಾವವೇ ಹಾಗೆ. ಅಮ್ಮ ಬಾಟಲಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಇಟ್ಟು ಕರಗಿಸಿಕೊಂಡಳು. ಅಂದಿನಿಂದ ನಮ್ಮ ಟೆಸ್ಲಾದಲ್ಲಿ ತೀರ್ಥಹಳ್ಳಿಯ ಬಚ್ಚಲುಮನೆಯ ವಾಸನೆ.

ಹತ್ತು ವರ್ಷದ ಹಿಂದೆ ಇದೇ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕಳಿಸಿದ್ದಕ್ಕೆ ಮಗಳು ಶಾಲೆಯಿಂದ ಅತ್ತುಕೊಂಡು ಬಂದಿದ್ದಳು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಿದ್ದಳಂತೆ. ನಾನೂ ಎಣ್ಣೆ ಬಿಟ್ಟೆ. ಜಡೆ, ಸುರುಳಿಗಳ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡಬಾರದೆಂದು ಅಮೆರಿಕದಲ್ಲೇ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 2019ರಲ್ಲಿ, ಕಪ್ಪು ಜನರ ಕೂದಲಿಗಾದ ಅವಮಾನಕ್ಕೆ ಉತ್ತರವಾಗಿ. ಮೂಗು ಮುಚ್ಚಿಕೊಳ್ಳುವುದಕ್ಕೆ ಇನ್ನೂ ಕಾನೂನಿಲ್ಲ. ಅದೇ ಮಗಳು ಈಗ ಲಾಸ್ ಏಂಜಲೀಸಿನಿಂದ ಸಣ್ಣ ಗಾಜಿನ ಸೀಸೆಯೊಂದನ್ನು ತಂದಳು. ಪಿಪೆಟ್ಟಿನ ಮುಚ್ಚಳ, ಕಾಗದದ ಮೇಲೆ 'ಪುರಾತನ ಭಾರತೀಯ ವಿಧಿ', 48 ಡಾಲರ್. ಅಮ್ಮ ಅಂಗೈಗೆ ಎರಡು ಹನಿ ಹಾಕಿ ಮೂಸಿ ನೋಡಿದಳು. "ಕೊಬ್ಬರಿ ಎಣ್ಣೆ ಕಣೇ ಮಾರಾಯ್ತಿ, ಅದೂ ಸ್ವಲ್ಪ ಕಮಟಾಗಿದೆ" ಎಂದಳು.

ಅಮ್ಮನ ಪಕ್ಷಕ್ಕೆ ವಿಜ್ಞಾನವೂ ಇದೆ. ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ, ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೊಳೆಯುವ ಮುಂಚೆ ಹಚ್ಚಿದರೆ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಸಣ್ಣ, ನೇರ ಅಣುಗಳು ಎಳೆಯ ಒಳಕ್ಕೆ ಇಳಿಯುತ್ತವೆ. ಉಳಿದವು ಹೊರಗೇ ಕೂರುತ್ತವೆ. ನಗಬೇಕಾದ ಸಂಗತಿ ಇನ್ನೊಂದಿದೆ: ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಮಾರಿಕೋ ಕಂಪನಿಯಲ್ಲಿ, ಅಂದರೆ ಪ್ಯಾರಾಚೂಟ್ ಕೊಬ್ಬರಿ ಎಣ್ಣೆಯವರ ಬಳಿ. ಒಲೆ ಮಾರುವವನೇ ಅಡುಗೆ ರುಚಿಯಾಗಿದೆ ಎಂದ ಹಾಗೆ. ಆದರೂ ನಾನು ಅವರನ್ನು ನಂಬುತ್ತೇನೆ, ಏಕೆಂದರೆ ನನ್ನ ಬಳಿ ಅವರಿಗಿಂತ ಹಳೆಯ ಸಾಕ್ಷಿ ಇದೆ: ಎಪ್ಪತ್ತೆಂಟರ ಅಮ್ಮನ ತುರುಬು. ಎಣ್ಣೆಯೂ ಸೀಳಿದ್ದನ್ನು ಕೂಡಿಸುವುದಿಲ್ಲ ಎಂಬುದನ್ನು ಮರೆಯಬಾರದು. ಅದು ಮಾಡುವುದು ಸೀಳದಂತೆ ಕಾಯುವ ಕೆಲಸ.

ಈ ಕತೆಯಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ಸಲೂನಿನ ಗೋಡೆಯ ಮೇಲಿದ್ದ ಇನ್ನೊಂದು ಪಟ್ಟಿ: ಹೇರ್ ಎಕ್ಸ್‌ಟೆನ್ಷನ್. ನಮ್ಮ ಭಾಷೆಯಲ್ಲಿ ಚೌರಿ. ಅದರಲ್ಲಿ ಅತಿ ದುಬಾರಿಯದು 'ಭಾರತೀಯ ದೇವಸ್ಥಾನದ ಕೂದಲು'. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ತಿಮ್ಮಪ್ಪನಿಗೆ ಕೊಟ್ಟ ಮುಡಿ ಹರಾಜಾಗಿ, ವ್ಯಾಪಾರಿಗಳ ಕೈ ದಾಟಿ, ಇಲ್ಲಿನ ತಲೆಗಳ ಮೇಲೆ ಕೂರುತ್ತದೆ. ಆ ಪಯಣವನ್ನು ನಟ ಕ್ರಿಸ್ ರಾಕ್ 2009ರ ತನ್ನ 'ಗುಡ್ ಹೇರ್' ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾನೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಕೂದಲೇ ಕಸುಬು. ಪಿನ್ನು, ಬಲೂನು, ಪಾತ್ರೆ ಕೊಟ್ಟು ಮನೆಮನೆಯಿಂದ ತಂದ ಉದುರುಗೂದಲನ್ನು ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೆ ಕಳಿಸುತ್ತಾರೆ.

ದೇವಸ್ಥಾನದ ಕೂದಲಿಗೆ ಅಷ್ಟು ಬೆಲೆ ಏಕೆ ಎಂದು ಹುಡುಗನನ್ನು ಕೇಳಿದೆ. ಅವನು ಭಕ್ತಿಯಿಂದ ವಿವರಿಸಿದ. ಎಲ್ಲ ಎಳೆಗಳ ಹೆಂಚೂ ಒಂದೇ ದಿಕ್ಕಿಗಿರುತ್ತದೆ. ಬಣ್ಣ ಕಂಡಿಲ್ಲ, ಬ್ಲೀಚು ಕಂಡಿಲ್ಲ, ಇಸ್ತ್ರಿ ಕಂಡಿಲ್ಲ. ಬಹಳ ಮಾಡಿದರೆ ಎಣ್ಣೆ ಹಚ್ಚಿ ಹೆಣೆದಿರುತ್ತಾರೆ. "ಆ ಹೆಂಗಸರು ಕೂದಲಿಗೆ ಏನೂ ಮಾಡುವುದಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿದೆ" ಎಂದ.

ಅವನ ಮಾತು ಕೇಳಿ ಕುರ್ಚಿಯಲ್ಲೇ ಬೆವರಿದೆ. ರಾಯಚೂರಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳು ಏನೂ ಮಾಡದೆ ಬೆಳೆಸಿದ ಕೂದಲು ದೇವರಿಗೆ ಹೋಗುತ್ತದೆ. ಅಲ್ಲಿಂದ ಬಂದು ಲಾಸ್ ಏಂಜಲೀಸಿನಲ್ಲಿ ಸಾವಿರ ಡಾಲರ್ ಬೆಲೆ ಕಟ್ಟಿಸಿಕೊಳ್ಳುತ್ತದೆ. ಅದೇ ನಾಡಿನಿಂದ ಬಂದ ನಾನು, ಸಾಫ್ಟ್‌ವೇರ್ ಸಂಬಳ ಸುರಿದು, ಎಲ್ಲವನ್ನೂ ಮಾಡಿ ನನ್ನ ಕೂದಲನ್ನು ಹಿಡಿಸೂಡಿಯಾಗಿಸಿಕೊಂಡು, ಅವಳ ಕೂದಲನ್ನು ಕೊಳ್ಳಲು ಸರತಿಯಲ್ಲಿ ಕೂತಿದ್ದೇನೆ. ತಿಮ್ಮಪ್ಪನ ತಲೆಯಲ್ಲಿ ಕೂದಲು ಹೋದ ಜಾಗಕ್ಕೆ ನೀಳಾದೇವಿ ತನ್ನ ಮುಡಿ ಕಿತ್ತು ಅಂಟಿಸಿದಳೆಂದು ಪುರಾಣ. ಅವನು ಕೃತಜ್ಞತೆಯಿಂದ ಬರುವ ಮುಡಿಯೆಲ್ಲ ಅವಳಿಗೇ ಸಲ್ಲಲಿ ಎಂದನಂತೆ. ಚೌರಿ ಕಟ್ಟಿದವಳ ಹೆಸರು ನೆನೆದ ಗಿರಾಕಿ ಅವನೊಬ್ಬನೇ. ಅವನ ಗುಡಿ ಲಾಸ್ ಏಂಜಲೀಸಿನ ಹತ್ತಿರ ಮಾಲಿಬು ಬೆಟ್ಟದಲ್ಲೂ ಇದೆ. ತಿಂಗಳಿಗೊಮ್ಮೆ ಹೋಗಿ ಪುಳಿಯೋಗರೆ ತಿಂದು ಬರುವ ನಾವು ಮುಡಿಯ ಮಾತೆತ್ತುವುದಿಲ್ಲ. ಈ ಕೂದಲನ್ನು ಕೊಟ್ಟರೆ ಅವನೂ ಹಿಂದಿರುಗಿಸಿಯಾನು.

ಕವಲು ಎಂದಮೇಲೆ ನಮ್ಮ ಕನ್ನಡ ಬಳಗದ ಮಾತು ಬಾರದಿರುವುದುಂಟೆ? ಕೂದಲು ಸೀಳುವುದು ಬುಡದಲ್ಲಲ್ಲ, ಬುಡದಿಂದ ದೂರ ಹೋದ ತುದಿಯಲ್ಲಿ. ಅಮೆರಿಕದ ಕನ್ನಡಿಗರಿಗೆ ಸಂಘಟನೆ ಎರಡು: 'ಅಕ್ಕ'ನೂ ಇದ್ದಾಳೆ, 'ನಾವಿಕ'ನೂ ಇದ್ದಾನೆ. ದೋಣಿ ಒಂದೇ, ಹುಟ್ಟು ಹಾಕುವ ದಿಕ್ಕು ಎರಡು. ಇದಕ್ಕೆ ಸೀರಂ ಹಚ್ಚಿ ಒಂದು ಮಾಡಿಸುತ್ತೇವೆಂದು ಆಗಾಗ ಬೆಂಗಳೂರಿನಿಂದ ಮಂತ್ರಿಗಳು ಹಾರಿಬರುತ್ತಾರೆ. ಹಾರ ಹಾಕಿಸಿಕೊಂಡು, ಡಿಸ್ನಿಲ್ಯಾಂಡ್ ನೋಡಿಕೊಂಡು ವಾಪಸಾಗುತ್ತಾರೆ.

ನಾನು ಸಲೂನಿನಲ್ಲಿ ಬರೀ ತುದಿ ಕತ್ತರಿಸಲು ಹೇಳಿದ್ದರೆ ಎಷ್ಟಾಗುತ್ತಿತ್ತು? 120 ಡಾಲರ್. ಗಂಡಸರಿಗೊಂದು, ಹೆಂಗಸರಿಗೊಂದು ದರ ಹಾಕುವಂತಿಲ್ಲವೆಂದು ಕ್ಯಾಲಿಫೋರ್ನಿಯಾ 1995ರಲ್ಲೇ ಕಾನೂನು ಮಾಡಿದೆ. ಹಾಗಾಗಿ ಈಗ ದರ ಹಾಕುವುದು ಕೂದಲಿನ ಉದ್ದಕ್ಕೆ ಮತ್ತು ಹಿಡಿಯುವ ಹೊತ್ತಿಗೆ. ಉದ್ದ ಯಾರದು, ಗಿಡ್ಡ ಯಾರದು ಎಂದು ಕಾನೂನು ಕೇಳಿಲ್ಲ. ನನ್ನ ಗಂಡನಿಗೆ ತಲೆಯಲ್ಲಿ ಇರುವುದು ಹನ್ನೊಂದು ಎಳೆ; ಅವರ ಮಟ್ಟಿಗೆ ಸಮಾನತೆ ಪೂರ್ತಿಯಾಗಿ ಬಂದಿದೆ.

ಏನೂ ಮಾಡಿಸದೆ ಹಿಂತಿರುಗಿ ಬಂದೆ. ಮರುದಿನ ಬೆಳಿಗ್ಗೆ ಹಿತ್ತಿಲಿನ ನಿಂಬೆಗಿಡದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಮ್ಮ ನನ್ನನ್ನು ಕೂರಿಸಿದಳು. ಸಿಕ್ಕು ಬಿಡಿಸಲು ಶುರು ಮಾಡಿದ್ದು ತುದಿಯಿಂದ. ಒಂದು ಗೇಣು ಬಿಡಿಸಿ, ಮೇಲಕ್ಕೆ ಒಂದು ಗೇಣು, ಹೀಗೆ ಬುಡದವರೆಗೆ. ಬುಡದಿಂದ ಕೆಳಕ್ಕೆ ಎಳೆಯುವವರು ಸಿಕ್ಕನ್ನೆಲ್ಲ ತುದಿಗೆ ತಂದು ಗಂಟು ಮಾಡುತ್ತಾರೆ ಎಂದು ಬೈದಳು. ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ ಹಗ್ಗದ ಹಾಗೆ ತಿರುಚಿದಳು. ಕವಲೊಡೆದವು ಮುಳ್ಳಿನ ಹಾಗೆ ಹೊರಗೆ ನಿಂತವು. ಅವನ್ನು ಕತ್ತರಿಸಿ, ಕೊನೆಗೆ ಪೂರ್ತಿ ಅಂಚಿನಿಂದ ಅರ್ಧ ಇಂಚು ತೆಗೆದಳು. ಕಚ್, ಕಚ್. ಅರ್ಧ ಗಂಟೆ.

ಕ್ಯಾಲಿಫೋರ್ನಿಯಾದಲ್ಲಿ ಸಲೂನಿನವರ ಕಾಸ್ಮೆಟಾಲಜಿ ಲೈಸೆನ್ಸಿಗೆ ಹಿಂದೆ 1,600 ಗಂಟೆ ತರಬೇತಿ ಬೇಕಿತ್ತು. 2022ರಿಂದ 1,000 ಗಂಟೆ ಸಾಕು. ಅಮ್ಮನದು ಸೊನ್ನೆ ಗಂಟೆ. ದುಡ್ಡು ತೆಗೆದುಕೊಂಡರೆ ತಪ್ಪಾದೀತು ಎಂದೆ. "ಕಾಫಿ ಕೊಟ್ಟರೆ?" ಎಂದಳು. ಕೊಟ್ಟೆ. ಸರ್ಕಾರಕ್ಕೆ ತಿಳಿಸುವವರು ತಿಳಿಸಬಹುದು.

ಇನ್ನು ನಿಮಗೆ ಹೇಳುವುದು ಇಷ್ಟೇ. ವಾರಕ್ಕೊಮ್ಮೆ, ತಲೆ ತೊಳೆಯುವ ಮುಂಚೆ ಎಣ್ಣೆ ಹಚ್ಚಿ. ಶಾಂಪೂ ಬುಡಕ್ಕೆ, ಕಂಡೀಷನರ್ ತುದಿಗೆ. ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿ. ಒದ್ದೆ ಕೂದಲು ಬಲಹೀನ. ಅಗಲ ಹಲ್ಲಿನ ಬಾಚಣಿಗೆ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ಇಸ್ತ್ರಿ ಬಟ್ಟೆಗಿರಲಿ. ಪೂಲಿಗಿಳಿಯುವ ಮುಂಚೆ ತಲೆಗೆ ಒಳ್ಳೆಯ ನೀರು ಹುಯ್ದುಕೊಂಡು ಟೋಪಿ ಹಾಕಿ. ಮಲಗುವಾಗ ಸಡಿಲ ಜಡೆ. ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಇಂಚು ಕತ್ತರಿ. ಬಿಟ್ಟರೆ ಸೀಳು ಮೇಲಕ್ಕೇರುತ್ತದೆ. ಇದರಲ್ಲಿ ಮಾರಲು ಏನೂ ಇಲ್ಲವಾದ್ದರಿಂದ ಯಾರೂ ಜಾಹೀರಾತು ಕೊಡುವುದಿಲ್ಲ.

ಬಿದ್ದ ಚೂರುಗಳನ್ನು ಅಮ್ಮ ಉಂಡೆ ಕಟ್ಟಿ ಬೇಲಿಯ ಸಂದಿಗೆ ಸಿಕ್ಕಿಸಿದಳು. "ಕೂದಲಿನವಳು ಬಂದರೆ ಪಿನ್ನಾದರೂ ಸಿಗುತ್ತೆ" ಎಂದಳು. ಇಲ್ಲಿ ಯಾರೂ ಬರುವುದಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಮುಂದಿನ ತಿಂಗಳು ಅಮ್ಮ ಊರಿಗೆ ಹೊರಡುತ್ತಾಳೆ. ಕತ್ತರಿ ಬಿಟ್ಟುಹೋಗು ಎಂದಿದ್ದೇನೆ.